ಸುಮ್ಮನಿರುವುದರಲ್ಲಿ ಸ್ನಾತಕೋತ್ತರ ಪದವಿ

ಮಾತು ಕಡಿಮೆ ಮಾಡಬೇಕೆಂದು ಸಂಕಲ್ಪ ಮಾಡಿದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆ ಸಂಕಲ್ಪಕ್ಕಾಗಿ ಕಾಲೇಜು ಸೇರಿ, ಹಾಜರಿ ಕೊಟ್ಟು, ಪರೀಕ್ಷೆಗೆ ಕೂತವನು ನನ್ನ ಗುರುತಿನವರಲ್ಲಿ ನಾನೊಬ್ಬನೇ. ನನ್ನ ಕಸುಬನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬಂಟ್ವಾಳದ ಆಸುಪಾಸಿನಲ್ಲಿ ಕಾರ್ಯಕ್ರಮ ನಿರೂಪಕ. ಫರಂಗಿಪೇಟೆಯ ವಾಲಿಬಾಲ್ ಪಂದ್ಯಾಟ, ಪೊಳಲಿ ಕಡೆಯ ಮದುವೆಯ ಆರತಕ್ಷತೆ, ಶಾಲೆಯ ಬೆಳ್ಳಿಹಬ್ಬ, ಸಹಕಾರಿ ಸಂಘದ ಹೊಸ ಶಾಖೆಯ ಉದ್ಘಾಟನೆ, ಎಲ್ಲಿ ಮೈಕಿತ್ತೋ ಅಲ್ಲಿ ನಾನಿದ್ದೆ. ಉಳಿದ ದಿನ ಬಿ.ಸಿ. ರೋಡಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದೆ. ಅಲ್ಲಿಯೂ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಹತ್ತು ಜನ ಸೇರಿದರೆ ಐದು ಜನ ವೇದಿಕೆಯ ಮೇಲೆ, ನಾಲ್ಕು ಜನ ಕೆಳಗೆ, ಉಳಿದ ಒಬ್ಬ ಮೈಕಿನ ಮುಂದೆ. ಆ ಒಬ್ಬ ನಾನಾಗಿರುತ್ತಿದ್ದೆ.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಓದುವ ಯೋಗ ಬಂದದ್ದೂ ಮೈಕಿನಿಂದಲೇ. ಬೆಳ್ತಂಗಡಿಯ ಒಂದು ಸೇವಾ ಸಂಸ್ಥೆಯ ಮುಖ್ಯಸ್ಥರು ನನ್ನ ನಿರೂಪಣೆ ಕೇಳಿ ಮೆಚ್ಚಿ, ತಮ್ಮಲ್ಲಿ ಯುವಜನ ಸಂಯೋಜಕರ ಹುದ್ದೆಯೊಂದು ಖಾಲಿಯಾಗಲಿದೆ, ಹಳ್ಳಿಯ ಹುಡುಗ ಹುಡುಗಿಯರ ನಡುವೆ ಕೆಲಸ ಮಾಡಲು ನನ್ನಂಥವನೇ ಬೇಕು ಎಂದರು. ಒಂದೇ ತೊಡಕು, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಬೇಕಂತೆ. ಎರಡು ವರ್ಷ ಕಾಯುತ್ತೇವೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು. ಮನೆಗೆ ಬಂದು ಹೆಂಡತಿ ಸುಜಾತಳಿಗೆ ಹೇಳಿದೆ. ಅವಳು ಶಾಲೆಗೆ ಹೋಗುವ ಮಗಳನ್ನು ನೋಡಿಕೊಂಡು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅವಳು ಯಂತ್ರದ ಪೆಡಲ್ ನಿಲ್ಲಿಸಿದಳೆಂದರೆ ಮಾತು ಗಂಭೀರವಾದದ್ದು ಎಂದು ಅರ್ಥ. ಅಂದು ನಿಲ್ಲಿಸಿದಳು. "ಎರಡು ವರ್ಷ ನಾನು ನೋಡಿಕೊಳ್ತೇನೆ. ಮೂರನೇ ವರ್ಷ ಅಂತ ಮಾತ್ರ ಹೇಳ್ಬೇಡಿ," ಎಂದಳು. ನಾನು ಅಂಗಡಿ ಬಿಟ್ಟು ಮೂಡಬಿದಿರೆಯ ಒಂದು ಕಾಲೇಜಿಗೆ ಸೇರಿದೆ.

ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಂತರು. ತಲೆಯಲ್ಲಿ ನಾಲ್ಕು ಬಿಳಿ ಕೂದಲಿದ್ದವನನ್ನು ಕಂಡು ಮೇಷ್ಟ್ರೆಂದು ತಿಳಿದಿದ್ದರು. ಸಜ್ಜನರಾದರೆ ಅಲ್ಲಿಯೇ ತಿದ್ದುತ್ತಿದ್ದರು. ನಾನು ಕೂತ್ಕೊಳ್ಳಿ ಎಂದೆ. ಅಷ್ಟಕ್ಕೇ ಬಿಡಲಾರದೆ, ಈ ಶುಭ ಮುಂಜಾನೆಯಲ್ಲಿ ತಮಗೆಲ್ಲ ಹಾರ್ದಿಕ ಸ್ವಾಗತ ಎಂದು ಶುರುಮಾಡಿ ಎರಡು ನಿಮಿಷ ಮುಂದಕ್ಕೂ ಹೋದೆ. ಬಾಗಿಲಲ್ಲಿ ಒಬ್ಬರು ತೆಳ್ಳಗಿನ ಯುವತಿ ಪುಸ್ತಕ ಹಿಡಿದು ನಿಂತು ಕೇಳುತ್ತಿದ್ದರು. ಮುಗಿದ ಮೇಲೆ ಒಳಗೆ ಬಂದು, ಧನ್ಯವಾದ, ಇನ್ನು ತಾವೂ ಕೂತುಕೊಳ್ಳಬಹುದು ಎಂದರು. ಅವರೇ ಲೆವೀನಾ ಮೇಡಂ. ನನಗಿಂತ ಎಂಟು ಹತ್ತು ವರ್ಷ ಚಿಕ್ಕವರು. ಮುಂದೆ ನನ್ನ ಕ್ಷೇತ್ರಕಾರ್ಯದ ಮಾರ್ಗದರ್ಶಕಿಯಾಗಿ ಅವರನ್ನೇ ನೇಮಿಸಿದರು.

ಕ್ಷೇತ್ರಕಾರ್ಯವೆಂದರೆ ವಾರಕ್ಕೆರಡು ದಿನ ಒಂದು ಊರಿಗೆ ಹೋಗಿ, ಜನರೊಂದಿಗೆ ಬೆರೆತು, ಅವರ ಕಷ್ಟಸುಖ ತಿಳಿದು, ಆಡಿದ ಮಾತನ್ನೆಲ್ಲ ಆಮೇಲೆ ಹಾಳೆಯ ಮೇಲೆ ಬರೆಯುವುದು. ಹಾಳೆಯ ನಡುವೆ ಗೆರೆ. ಎಡಗಡೆ ನಾನು ಹೇಳಿದ್ದು, ಬಲಗಡೆ ಅವರು ಹೇಳಿದ್ದು. ನನಗೆ ಸಿಕ್ಕಿದ್ದು ಕಕ್ಕಿಂಜೆಯಿಂದ ಒಳಗೆ ಎರಡು ಕಿಲೋಮೀಟರ್ ನಡೆಯಬೇಕಾದ ಒಂದು ಊರು. ಅಲ್ಲಿ ಮೊದಲು ಎದುರಾದವನು ಅಶ್ರಫ್. ಬೆಳಿಗ್ಗೆ ಹತ್ತೂವರೆಗೆ ಅಪ್ಪನ ಜಿನಸಿನಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದ. ಕಾಲೇಜು ಬಿಟ್ಟ ಹುಡುಗ ಎಂದು ನೋಡಿದೊಡನೆಯೇ ನಿರ್ಧರಿಸಿದೆ. ಶಿಕ್ಷಣದ ಮಹತ್ವ, ತಂದೆತಾಯಿಯ ಬೆವರು, ನಾನೇ ಈ ವಯಸ್ಸಿನಲ್ಲಿ ಓದುತ್ತಿರುವುದು, ಎಲ್ಲವನ್ನೂ ಮುಕ್ಕಾಲು ಗಂಟೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಒಂದು ಸೋಡಾ ಶರಬತ್ತು ಮಾಡಿ ಕೊಟ್ಟು, "ಸಾರ್, ನಾನು ಕಾಲೇಜು ಬಿಡ್ಲಿಲ್ಲ. ಇವತ್ತು ರಜೆ," ಎಂದ.

ಆ ಹಾಳೆಯಲ್ಲಿ ಎಡಗಡೆ ತುಂಬಿ, ಹಿಂದಿನ ಪುಟವೂ ತುಂಬಿತ್ತು. ಬಲಗಡೆ ಇದ್ದದ್ದು ಎರಡು ಹೂಂ ಮತ್ತು ಆ ಒಂದು ಸಾಲು. ಲೆವೀನಾ ಮೇಡಂ ಕೆಂಪು ಪೆನ್ನಿನಿಂದ ಸಾಲು ಎಣಿಸಿ ಅಡಿಯಲ್ಲಿ ಬರೆದರು: ಪ್ರಶಿಕ್ಷಣಾರ್ಥಿ ೬೪, ಊರಿನವರು ೩. ಮುಂದಿನ ವಾರ ೫೮ಕ್ಕೆ ೪ ಆಯಿತು. ಪಂದ್ಯಾಟದಲ್ಲಿ ಇಂಥ ಅಂಕ ಬಂದರೆ ನಾನು ಗಂಟಲು ಹರಿದುಕೊಂಡು ಘೋಷಿಸುತ್ತಿದ್ದೆ. ಮೂರನೆಯ ಸೆಮಿಸ್ಟರ್ ಮುಗಿಯುವಾಗ ಕ್ಷೇತ್ರಕಾರ್ಯದಲ್ಲಿ ನಾನು ಗಡಿಯ ಮೇಲೆ ನಿಂತು ಪಾಸಾಗಿದ್ದೆ. ಮೇಡಂ ಕರೆಸಿ, ಕೊನೆಯ ಸೆಮಿಸ್ಟರಿನಲ್ಲಿ ಯುವಜನರ ಗುಂಪೊಂದನ್ನು ಕಟ್ಟಬೇಕು, ಕೊನೆಯ ಸಭೆಯನ್ನು ನಾನೇ ಬಂದು ನೋಡುತ್ತೇನೆ ಎಂದರು. ಚಾಪೆ ಹಾಸಿ ವೃತ್ತಾಕಾರವಾಗಿ ಕೂರಬೇಕು, ಮಾತಾಡಬೇಕಾದವರು ಅವರು, ನೀವಲ್ಲ. ಅಂದೂ ನೀವೇ ಮಾತಾಡಿದರೆ ಸೆಮಿಸ್ಟರ್ ಮುಂದಿನ ವರ್ಷ ಪುನಃ ಮಾಡಬೇಕಾಗುತ್ತದೆ. ದನಿ ಏರಿಸದೆ ಹೇಳಿದರು. ದನಿ ಏರಿಸಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮುಂದಿನ ವರ್ಷವೆಂದರೆ ಮೂರನೆಯ ವರ್ಷ. ಬೆಳ್ತಂಗಡಿಯವರು ಕಾಯುವುದಿಲ್ಲ. ಸುಜಾತಳ ಮುಂದೆ ಆ ಮಾತು ಎತ್ತುವ ಧೈರ್ಯ ನನಗಿಲ್ಲ. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ನಿಂತು ಬರುವಾಗಲೆಲ್ಲ ಇದೇ ಲೆಕ್ಕಾಚಾರ. ಹಾಗಾಗಿ ಮನೆಯಲ್ಲಿಯೇ ಅಭ್ಯಾಸ ಶುರುಮಾಡಿದೆ. ಸಂಜೆ ಸುಜಾತಳ ಯಂತ್ರದ ಪಕ್ಕ ಕುರ್ಚಿ ಎಳೆದುಕೊಂಡು, ಆಲಿಸುವುದು ಎಂದರೇನು, ಅದರಲ್ಲಿ ಎಷ್ಟು ಹಂತಗಳುಂಟು, ಎದುರಿನವರ ಕಣ್ಣನ್ನು ಹೇಗೆ ನೋಡಬೇಕು ಎಂದು ವಿವರಿಸುತ್ತಿದ್ದೆ. ಎರಡು ಮೂರು ಸಲ ಅವಳು ಪೆಡಲ್ ನಿಲ್ಲಿಸಿ, ಒಂದು ವಿಷಯ ಹೇಳ್ಲಿಕ್ಕುಂಟು ಎಂದದ್ದು ನೆನಪಿದೆ. ಒಂದು ನಿಮಿಷ, ಈ ನಾಲ್ಕನೆಯ ಹಂತ ಮುಗಿಸಿಬಿಡುತ್ತೇನೆ ಎಂದಿದ್ದೆ. ಹಂತ ಮುಗಿಯುವಾಗ ಅವಳು ಒಳಗೆ ಅನ್ನ ಬಸಿಯುತ್ತಿದ್ದಳು.

ಗುಂಪು ಮಾತ್ರ ಚೆನ್ನಾಗಿ ಕೂಡಿತು. ಅಶ್ರಫ್ ಮೊದಲು ಬಂದ, ಅವನ ಹಿಂದೆ ಹದಿನೆಂಟು ಮಂದಿ ಬಂದರು. ಅವರಲ್ಲಿ ಪ್ರತೀಕ್ಷಾ ಎಂಬ ಹುಡುಗಿ ಉಜಿರೆಯಲ್ಲಿ ಬಿ.ಕಾಂ. ಓದುತ್ತಿದ್ದಳು. ಮಾತು ಕಡಿಮೆ, ನೋಟ ಜಾಸ್ತಿ. ಊರಿನಲ್ಲಿ ಹಳೆಯ ಯುವಕ ಮಂಡಲದ ಕಟ್ಟಡವೊಂದಿತ್ತು. ಅದಕ್ಕೆ ಬೀಗ. ಅದರ ಜಗಲಿಯಲ್ಲಿ ಶನಿವಾರ ಶನಿವಾರ ಸೇರುತ್ತಿದ್ದೆವು. ಗುಂಪಿನ ಅಗತ್ಯವೇನೆಂದು ಮೊದಲು ಕೇಳಿ ತಿಳಿಯಬೇಕು ಎಂದು ಪುಸ್ತಕದಲ್ಲಿದೆ. ಉತ್ತರ ಹೇಳುವ ತಾಪತ್ರಯ ಅವರಿಗೇಕೆ ಎಂದು ನಾನು ನೋಡಿಯೇ ತಿಳಿದುಕೊಂಡೆ. ಮಕ್ಕಳಿಗೆ ಸಭಾಕಂಪನ. ಆರು ವಾರ ಬೀಗ ಹಾಕಿದ ಬಾಗಿಲಿಗೆ ಬೆನ್ನು ಹಾಕಿ ನಿಂತು ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಅತಿಥಿಗಳನ್ನು ವೇದಿಕೆಗೆ ಕರೆಯುವ ಕ್ರಮ, ಯಾರನ್ನೂ ಮರೆಯದೆ ಧನ್ಯವಾದ ಹೇಳುವ ಕ್ರಮ, ಎಲ್ಲ ಕಲಿಸಿದೆ. ಏಳನೆಯ ವಾರ, ಮುಂದಿನ ಶನಿವಾರ ಕಾಲೇಜಿನಿಂದ ಮೇಡಂ ಬರುತ್ತಾರೆ, ಚಾಪೆ ಹಾಸಿ ಕೂರುವ, ಅಷ್ಟೇ ಎಂದೆ. ಅವರು ಪರಸ್ಪರ ಮುಖ ನೋಡಿಕೊಂಡು ಆಯ್ತು ಸರ್ ಎಂದರು.

ಆ ಶನಿವಾರ ಮೂಡಬಿದಿರೆಯಿಂದ ವೇಣೂರು, ಗುರುವಾಯನಕೆರೆ ದಾಟಿ ಮೇಡಂ ಜೊತೆ ಬಸ್ಸಿನಲ್ಲಿ ಹೋಗುವಾಗ ನಾನು ಒಂದೇ ಒಂದು ಮಾತು ಆಡಲಿಲ್ಲ. ಅಭ್ಯಾಸವೆಂದು ಅವರು ತಿಳಿದಿರಬೇಕು. ನಿಜವಾಗಿ ಬಾಯಿ ಒಣಗಿತ್ತು. ಕಕ್ಕಿಂಜೆಯಲ್ಲಿ ಇಳಿದು ನಡೆದು ಊರಿನ ತಿರುವು ತಲುಪಿದಾಗ ಮೊದಲು ಕಂಡದ್ದು ಶಾಮಿಯಾನ. ಅದರಡಿ ಕೆಂಪು ಕುರ್ಚಿಗಳು. ಜಗಲಿಯ ಮೇಲೆ ಮೇಜು, ಮೇಜಿಗೆ ಬಿಳಿ ಬಟ್ಟೆ, ಬದಿಯಲ್ಲಿ ಅಡಿಕೆಯ ಹಿಂಗಾರ ಸಿಕ್ಕಿಸಿದ ಕಾಲುದೀಪ. ಧ್ವನಿವರ್ಧಕದಲ್ಲಿ ಅಶ್ರಫ್ ಹಲೋ ಮೈಕ್ ಟೆಸ್ಟಿಂಗ್ ಎನ್ನುತ್ತಿದ್ದ. ಚಾಪೆ ಎಲ್ಲಿ ಎಂದು ಪ್ರತೀಕ್ಷಾಳನ್ನು ಬದಿಗೆ ಕರೆದು ಕೇಳಿದೆ. ಅವಳು ಶಾಂತವಾಗಿ, "ಕಾಲೇಜಿನ ಮೇಡಂ ಬರುವಾಗ ಚಾಪೆಯಲ್ಲಿ ಕೂರಿಸ್ಲಿಕ್ಕೆ ಆಗ್ತದಾ ಸರ್? ಊರಿಗೆ ಮರ್ಯಾದೆ ಉಂಟಲ್ಲ," ಎಂದಳು. ನಾನು ಆರು ವಾರ ಕಲಿಸಿದ್ದೇ ಅದನ್ನು. ಮೇಡಂ ಚೀಲದಿಂದ ಹಾಳೆ ತೆಗೆದು ನಡುವೆ ಗೆರೆ ಎಳೆದರು. ಮೂರನೆಯ ವರ್ಷ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಕೊನೆಯ ಪಕ್ಷ ನಿರೂಪಣೆಯಾದರೂ ನಾನು ಮಾಡಿ ಬೇಗ ಮುಗಿಸುವ ಎಂದು ಮೈಕಿನ ಕಡೆ ಹೋದರೆ ಅಶ್ರಫ್ ಅಡ್ಡ ಬಂದ. ಪ್ರತೀಕ್ಷಾ ಮಾಡ್ತಾಳೆ ಸಾರ್, ನೀವು ಗೌರವ ಉಪಸ್ಥಿತಿ ಎಂದು ಹೇಳಿ ನನ್ನನ್ನು ವೇದಿಕೆಯ ಕೊನೆಯ ಕುರ್ಚಿಯಲ್ಲಿ ಕೂರಿಸಿ ತಾನು ಹಿಂದೆ ನಿಂತ. ನಡುವೆ ಅಧ್ಯಕ್ಷತೆಗೆ ಮೇಡಂ. ಅವರ ಬಲಕ್ಕೆ ಹಳೆಯ ಯುವಕ ಮಂಡಲದ ಅಧ್ಯಕ್ಷರು. ಎಪ್ಪತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಂಡಲಕ್ಕೆ ಈಗ ಸದಸ್ಯರಿಲ್ಲ, ಆದರೆ ಅಧ್ಯಕ್ಷರು ಇದ್ದರು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ದೀಪ ಬೆಳಗಿಸಿದ್ದಾಯಿತು. ಗುಂಪಿನ ಹುಡುಗನೊಬ್ಬ ಸ್ವಾಗತದಲ್ಲಿ ಒಬ್ಬರ ಹೆಸರು ಬಿಟ್ಟಾಗ ನಾನು ಅರ್ಧ ಎದ್ದೆ. ಹಿಂದಿನಿಂದ ಅಶ್ರಫ್ ಹೆಗಲು ಒತ್ತಿದ. ಮೈಕ್ ಕಿರುಚಿದಾಗ ಇನ್ನೊಮ್ಮೆ ಎದ್ದೆ. ಈ ಸಲ ಮೇಡಂ ತಿರುಗಿ ನೋಡಿದರು. ಇಪ್ಪತ್ತು ವರ್ಷದಲ್ಲಿ ನಾನು ಕೈಯಲ್ಲಿ ಮೈಕಿಲ್ಲದೆ ವೇದಿಕೆ ಏರಿದ್ದು ಅದೇ ಮೊದಲು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯಡಿಗೆ ಸೇರಿಸಿ ಕೂತೆ.

ಆಮೇಲೆ ಹಳೆಯ ಅಧ್ಯಕ್ಷರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಪ್ರಾಸ್ತಾವಿಕ ಮೊದಲೇ ಆಗಬೇಕಿತ್ತು, ಸನ್ಮಾನ ಹಿಂದಿನಿಂದ. ನಾನು ಕಲಿಸಿದ ಕ್ರಮ ತಪ್ಪಿತೆಂದು ಒಳಗೊಳಗೇ ಒದ್ದಾಡಿದೆ. ತಪ್ಪಿರಲಿಲ್ಲ, ಬೇಕೆಂದೇ ಬದಲಿಸಿದ್ದರು. ಶಾಲು ಸರಿಯಾಗಿ ಹೆಗಲ ಮೇಲೆ ಕೂತ ಮೇಲೆ ಪ್ರತೀಕ್ಷಾ ಪ್ರಾಸ್ತಾವಿಕಕ್ಕೆ ಮೈಕ್ ಹಿಡಿದಳು. ಊರಿನ ಹುಡುಗಿಯರು ನಾಲ್ಕೂವರೆಯ ಬಸ್ಸಿಗೆ ಕಕ್ಕಿಂಜೆಯಲ್ಲಿ ಇಳಿದರೆ, ಮನೆ ತಲುಪಿದ ಮೇಲೆ ಓದಲಿಕ್ಕೆ ಜಾಗವಿಲ್ಲ, ಎಷ್ಟೋ ಮನೆಯಲ್ಲಿ ಇರುವುದೇ ಎರಡು ಕೋಣೆ, ಟಿ.ವಿ. ಒಂದರಲ್ಲಿ, ಕಾಯಿಲೆಯ ಅಜ್ಜ ಇನ್ನೊಂದರಲ್ಲಿ. ಇಬ್ಬರು ಈ ವರ್ಷವೇ ಕಾಲೇಜು ಬಿಟ್ಟರು. ಈ ಕಟ್ಟಡದ ಒಳಗೆ ಮೇಜುಂಟು, ಬೆಂಚುಂಟು, ಲೈಟುಂಟು, ಬೀಗವೂ ಉಂಟು. ಕೀಲಿಕೈ ಕೇಳಲು ಅಧ್ಯಕ್ಷರ ಮನೆಗೆ ಮೂರು ಸಲ ಹೋದರೂ ಮುಂದೆ ನೋಡುವ ಎಂಬ ಉತ್ತರ ಬಂತು. ಇಷ್ಟನ್ನು ನಿಧಾನವಾಗಿ, ನಾನು ಕಲಿಸಿದ ಹಾಗೆಯೇ ಸಭೆಯನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೇಳಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಸರ್ ನಮಗೆ ಮಾತಾಡುವುದು ಹೇಗೆ ಅಂತ ಕಲಿಸಿದ್ರು. ಏನು ಹೇಳ್ಲಿಕ್ಕುಂಟು ಅಂತ ಕೇಳ್ಲಿಕ್ಕೆ ಅವರಿಗೆ ಸಮಯ ಸಿಗ್ಲಿಲ್ಲ. ಹಾಗೆ ಇವತ್ತು ಮೈಕಿನಲ್ಲೇ ಹೇಳುವ ಅಂತ ನಾವೆಲ್ಲ ಮಾತಾಡಿಕೊಂಡೆವು."

ಯಾರೂ ನಗಲಿಲ್ಲ. ನನಗೆ ನಾಚಿಕೆಯಾಯಿತು, ಬರೀ ನಾಚಿಕೆ. ಆರು ವಾರ ನನ್ನ ಬೆನ್ನ ಹಿಂದೆಯೇ ಇದ್ದ ಬಾಗಿಲು ಯಾಕೆ ಮುಚ್ಚಿದೆ ಎಂದು ಒಮ್ಮೆಯಾದರೂ ತಿರುಗಿ ನೋಡಿರಲಿಲ್ಲ. ಸಮಜಾಯಿಷಿ ಕೊಡಲು ನಾಲಿಗೆ ತುದಿಗೆ ಹತ್ತು ವಾಕ್ಯ ಬಂದವು. ತೊಡೆಯಡಿಯ ಕೈಯನ್ನು ಇನ್ನಷ್ಟು ಒತ್ತಿ ಹಿಡಿದೆ. ಅಷ್ಟರಲ್ಲಿ ಮುಂದಿನ ಕಾರ್ಯಕ್ರಮವಾಗಿ ಸನ್ಮಾನಿತರ ಅನಿಸಿಕೆ ಎಂದು ಅವಳೇ ಘೋಷಿಸಿದಳು. ನಮ್ಮ ಊರುಗಳಲ್ಲಿ ಮನೆಯ ಜಗಲಿಯಲ್ಲಿ ಕೂತು ಇಲ್ಲ ಎನ್ನುವುದು ಸುಲಭ. ಶಾಲು ಹೊದ್ದು, ಹೊರಗಿನಿಂದ ಬಂದ ಮೇಡಂ ಪಕ್ಕದಲ್ಲಿ ನಿಂತು, ಮೈಕಿನಲ್ಲಿ ಇಲ್ಲ ಎಂದ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ. ಹಳೆಯ ಅಧ್ಯಕ್ಷರು ಎರಡು ಸಲ ಕೆಮ್ಮಿದರು. ಕಟ್ಟಡ ತಾವು ಕಲ್ಲು ಹೊತ್ತು ಕಟ್ಟಿದ್ದು, ಹಾಳಾಗದಿರಲಿ ಎಂದು ಬೀಗ ಹಾಕಿದ್ದು ಎಂದರು. ಆ ಮಾತು ಹೇಳುವಾಗ ಅವರ ದನಿ ನಿಜಕ್ಕೂ ನಡುಗಿತು. ಆಮೇಲೆ ಜೇಬಿನಿಂದ ಕೀಲಿಕೈ ತೆಗೆದು ಮೇಜಿನ ಬಿಳಿ ಬಟ್ಟೆಯ ಮೇಲಿಟ್ಟು, ಸಂಜೆ ಐದರಿಂದ ಎಂಟು, ಚಪ್ಪಲಿ ಹೊರಗೆ ಬಿಡಬೇಕು ಎಂದರು. ಚಪ್ಪಾಳೆ ತುಂಬಾ ಹೊತ್ತು ಬಿತ್ತು.

ಹಿಂದಿರುಗುವ ಬಸ್ಸಿನಲ್ಲಿ ವೇಣೂರಿನವರೆಗೆ ಮೇಡಂ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ತಡೆಯಲಾರದೆ, ಚಾಪೆ ಹಾಸಲಿಕ್ಕೆ ನಿಜವಾಗಿಯೂ ಹೇಳಿದ್ದೆ ಎಂದೆ. ಅವರು ಹಾಳೆಯನ್ನು ನನ್ನ ಮಡಿಲಿಗಿಟ್ಟರು. ಬಲಗಡೆ ತುಂಬಿ ಹಿಂದಿನ ಪುಟಕ್ಕೂ ಹೋಗಿತ್ತು. ಎಡಗಡೆ ಖಾಲಿ. ಅಡಿಯಲ್ಲಿ ಕೆಂಪು ಪೆನ್ನು: ಪ್ರಶಿಕ್ಷಣಾರ್ಥಿ ೦. "ಇದು ನೀವು ಮಾಡಿದ ಕೆಲಸ ಅಲ್ಲ," ಎಂದರು ಮೇಡಂ. "ಆದರೆ ನೀವು ಕೆಡಿಸ್ಲಿಲ್ಲ. ಅದಕ್ಕೂ ಅಂಕ ಉಂಟು." ನಾನು ಪಾಸಾಗಿದ್ದೆ. ಜೀವಮಾನದಲ್ಲಿ ನನಗೆ ಸಿಕ್ಕಿದ ಅತಿ ಹೆಚ್ಚಿನ ಅಂಕ, ನನಗೆ ಮೈಕ್ ಕೊಡದ ದಿನ ಸಿಕ್ಕಿತು.

ಮನೆಗೆ ಬಂದು ಸುಜಾತಳಿಗೆ ಎಲ್ಲವನ್ನೂ ಹೇಳಿದೆ. ಶಾಮಿಯಾನದ ಬಣ್ಣದಿಂದ ಹಿಡಿದು ಕೀಲಿಕೈವರೆಗೆ ಹೇಳುವಾಗ ಅವಳು ಎರಡು ರವಿಕೆ ಮುಗಿಸಿದ್ದಳು. ಮೂರನೆಯ ವರ್ಷ ಬೇಡವಾಯಿತು ಎಂದಾಗ ಮಾತ್ರ ಒಮ್ಮೆ ತಲೆ ಎತ್ತಿ, ದಾರ ಕಡಿದು, ಸಣ್ಣಗೆ ನಕ್ಕಳು. ಆಗ ನನಗೆ ನೆನಪಾಯಿತು. ನಾನು ಹೊಸ ಮನುಷ್ಯನಲ್ಲವೇ. ಕುರ್ಚಿ ಎಳೆದುಕೊಂಡು, ಅವಳ ಕಣ್ಣನ್ನು ನೋಡಿ, ಅವತ್ತು ಏನೋ ಹೇಳ್ಲಿಕ್ಕುಂಟು ಅಂತಿದ್ದಿ, ಈಗ ಹೇಳು, ನಾನು ಕೇಳುತ್ತೇನೆ ಎಂದೆ.

ಅವಳು ಪೆಡಲ್ ನಿಲ್ಲಿಸಿದಳು. "ಅದಾ? ಅದು ಮುಗಿಯಿತು. ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ನೀವೇ ನಿರೂಪಣೆ ಮಾಡ್ಬೇಕು ಅಂತ ಹೆಡ್‌ಮಾಸ್ಟರು ಮೂರು ಸಲ ಫೋನ್ ಮಾಡಿದ್ರು. ನಿಮಗೆ ಹೇಳ್ಲಿಕ್ಕೆ ನೋಡಿದೆ, ಆಗ್ಲಿಲ್ಲ. ಕೊನೆಗೆ ಅವರಿಗೆ, ನಮ್ಮವರು ಈಗ ಮಾತಾಡುವುದು ಬಿಟ್ಟು ಕೇಳುವುದನ್ನು ಓದ್ತಿದ್ದಾರೆ ಅಂತ ಹೇಳಿದೆ. ಮೊನ್ನೆ ಗುರುವಾರ ಆಯ್ತು. ಮಗಳು ಒಂದು ಡಾನ್ಸ್ ಮಾಡಿದ್ಳು. ಚೆನ್ನಾಗಿತ್ತು. ನಿಮ್ಮನ್ನು ಕೇಳಿದ್ಳು."

ಎದುರಿನವರ ಮಾತು ಮುಗಿದ ಮೇಲೆ ಅವರ ಭಾವನೆಯನ್ನು ಗುರುತಿಸಿ, ಸೂಕ್ತವಾದ ಒಂದೇ ಪ್ರಶ್ನೆ ಕೇಳಬೇಕು ಎಂದು ನಾಲ್ಕನೆಯ ಹಂತದಲ್ಲಿದೆ. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದು, ಆ ಒಂದು ಪ್ರಶ್ನೆ ಕೇಳಿದೆ.

"ಮತ್ತೆ ಮೈಕ್ ಯಾರಿಗೆ ಕೊಟ್ಟರು?"