ಒಂಬತ್ತು ವರ್ಷ ನಿಂತ ಬೈಕಿಗೆ ಮೇಷ್ಟ್ರ ರಿಪೇರಿ

ಕೆಲವರ ಕೈಗೆ ಸ್ಪ್ಯಾನರ್ ಕೊಡಬಾರದು. ನಾನು ಆ ಪೈಕಿ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿ, ಬೋರ್ಡಿನ ಮೇಲೆ ಎಂಜಿನ್ನಿನ ಚಿತ್ರ ಬರೆದೂ ಬರೆದೂ, ಎಂಜಿನ್ ಅಂದರೆ ನನಗೆ ಗೊತ್ತು ಅನ್ನುವ ಭ್ರಮೆ ಬಂದುಬಿಟ್ಟಿತ್ತು. ಆ ಭ್ರಮೆ ಇರುವವರೆಗೆ ಇಂಥ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಬರವಿಲ್ಲ.

ಹಾಸನದ ನಮ್ಮ ಮನೆಯ ಶೆಡ್ಡಿನಲ್ಲಿ ನನ್ನ ಹಳೇ ಬೈಕು ಒಂಬತ್ತು ವರ್ಷದಿಂದ ನಿಂತಿತ್ತು. ನಾನು ನಿವೃತ್ತನಾದ ತಿಂಗಳಿಗೇ ನನ್ನ ಹೆಂಡತಿ, "ಆ ಜಾಗದಲ್ಲಿ ವಾಷಿಂಗ್ ಮೆಷಿನ್ ಇಡಬೇಕು, ಅದನ್ನ ಗುಜರಿಗೆ ಹಾಕಿ" ಅಂದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಮದುವೆಯಾದ ಹೊಸದರಲ್ಲಿ ಅವಳನ್ನು ಗೊರೂರು ಡ್ಯಾಮ್ ತೋರಿಸಲು ಕರೆದುಕೊಂಡು ಹೋಗಿದ್ದು ಅದೇ ಬೈಕಿನಲ್ಲಿ. ಹಾಗಂತ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟಳು: "ಸರಿ, ಅದರಲ್ಲೇ ಇನ್ನೊಂದ್ಸಲ ನನ್ನ ಗೊರೂರಿಗೆ ಕರ್ಕೊಂಡು ಹೋಗಿ. ಹೋದ್ರೆ ಬೈಕು ಇರ್ಲಿ. ಇಲ್ದಿದ್ರೆ ಗುಜರಿ."

ಉಸಿರು ಕಟ್ಟಿದ್ದು

ಮೊದಲ ದಿನ ಕಿಕ್ ಹೊಡೆಯಲು ಶುರುಮಾಡಿದೆ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕುರ್ಚಿ ತಂದು ಹಾಕಿಕೊಂಡು ಎಣಿಸತೊಡಗಿದರು. ನಲವತ್ತಾರಕ್ಕೆ ನಾನು ಏದುಸಿರು ಬಿಡುತ್ತಾ ನೆಲಕ್ಕೆ ಕೂತೆ. "ಇನ್ನು ನಾಕೇ ನಾಕು ಮೇಷ್ಟ್ರೇ, ಐವತ್ತು ಮಾಡಿಬಿಡಿ" ಅಂದರು.

ಎಂಜಿನ್ನಿಗೆ ಪೆಟ್ರೋಲು, ಗಾಳಿ, ಕಿಡಿ ಮೂರೂ ಬೇಕು ಅಂತ ಅವರಿಗೊಂದು ಪಾಠ ಮಾಡಿ, ಗಾಳಿ ಶುದ್ಧ ಮಾಡುವ ಫಿಲ್ಟರಿನ ಡಬ್ಬಿ ಬಿಚ್ಚಿದೆ. ಒಳಗೆ ಇಲಿ ಗೂಡು ಕಟ್ಟಿತ್ತು. ನನ್ನದೊಂದು ಕಾಲುಚೀಲ, ತೆಂಗಿನ ನಾರು, ಜೊತೆಗೆ ಅರ್ಧ ಕಚ್ಚಿದ ಒಂದು ಮದುವೆ ಕಾಗದ. ಬಿಡಿಸಿ ನೋಡಿದರೆ ಅರಕಲಗೂಡಿನಲ್ಲಿರುವ ನಮ್ಮ ದೊಡ್ಡಪ್ಪನ ಮಗನ ಮನೆಯದು, ಮೇಲೆ ನನ್ನದೇ ಹೆಸರು. ಮಗಳ ಮದುವೆಗೆ ನಮ್ಮನ್ನು ಕರೆಯಲಿಲ್ಲ ಅಂತ ಆರು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದೆವು.

ನಾಚಿಕೆಯಿಂದಲೇ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು ಹೇಳಿದ: "ನಾನೇ ಬಂದಿದ್ದೆ ಕಣೋ. ಮನೆಗೆ ಬೀಗ ಹಾಕಿತ್ತು. ಬೈಕಿನ ಸೀಟ್ ಮೇಲೆ ಇಟ್ಟು ಬಂದೆ. ದಿನಾ ಓಡಿಸೋ ಗಾಡಿ, ಕೈಗೆ ಸಿಕ್ಕೇ ಸಿಗುತ್ತೆ ಅಂತ."

ಕೊನೇ ಬೆಂಚು

ಗೂಡು ತೆಗೆದರೂ ಬೈಕು ಉಸಿರಾಡಲಿಲ್ಲ. ಕಿಡಿ ಬರುತ್ತಿಲ್ಲ ಅಂತ ಕಂಡುಹಿಡಿದೆ. ಪ್ಲಗ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಎರಡು ದಿನ ಕೂತು ಕಾರ್ಬ್ಯುರೇಟರನ್ನೂ ಬಿಚ್ಚಿ ಜೋಡಿಸಿದೆ. ಕಿಡಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಬಿಚ್ಚಿದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಕ್ಕಿತು. ಅದನ್ನು ಹೆಂಡತಿಗೆ ಕಾಣದ ಹಾಗೆ ಜೇಬಿಗೆ ಹಾಕಿಕೊಂಡೆ.

ಹಾಸನದಲ್ಲಾದರೆ ಗುರುತಿನವರು ನೋಡಿ ನಗುತ್ತಾರೆ ಅಂತ ಗೂಡ್ಸ್ ಆಟೋದಲ್ಲಿ ಬೈಕು ಹಾಕಿಕೊಂಡು ಚನ್ನರಾಯಪಟ್ಟಣದವರೆಗೆ ಹೋದೆ. ಅಲ್ಲಿನ ಗ್ಯಾರೇಜಿನಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ನಲವತ್ತರ ಮೆಕ್ಯಾನಿಕ್ ತಲೆಯೆತ್ತಿ, ಕೈ ಒರೆಸಿಕೊಂಡು ಎದ್ದು ನಿಂತ.

"ನಮಸ್ಕಾರ ಸಾ. ಗುರ್ತು ಸಿಕ್ಲಿಲ್ವಾ? ದಂಡಿಗನಳ್ಳಿಯವ್ನು, ನಿಮ್ ಸ್ಟೂಡೆಂಟು. ಕೊನೇ ಬೆಂಚು."

ಗುರುತು ಸಿಕ್ಕಿತು. ಎಂಜಿನ್ನಿನ ಚಿತ್ರಕ್ಕೆ ಹತ್ತರಲ್ಲಿ ಎರಡು ಕೊಟ್ಟು, ನೀನು ಜೀವನದಲ್ಲಿ ಎಂಜಿನ್ ಮುಟ್ಟಬೇಡ ಅಂತ ಇಡೀ ಕ್ಲಾಸಿನೆದುರು ಹೇಳಿದ್ದೆ.

ಅವನು ಬೈಕಿನ ಸುತ್ತ ಒಂದು ಸುತ್ತು ಬಂದ. ಹ್ಯಾಂಡಲ್ಲಿನ ಬಲಗಡೆ ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ಚಿದೆಯಲ್ಲ, ಅದನ್ನು ಹೆಬ್ಬೆರಳಲ್ಲಿ ಟಕ್ ಅನಿಸಿದ. ನನ್ನ ಜೇಬಿನ ಸ್ಕ್ರೂ ಇಸಿದುಕೊಂಡು ಅದರ ಜಾಗಕ್ಕೆ ಹಾಕಿ, ಹೊಸ ಪೆಟ್ರೋಲು ಬಿಟ್ಟು ಮೂರು ಕಿಕ್ ಹೊಡೆದ. ಬೈಕು ಹೊಗೆ ಕಾರಿಕೊಂಡು ಎದ್ದಿತು. ಒಂಬತ್ತು ವರ್ಷದ ಹಿಂದೆ ಆ ಸ್ವಿಚ್ ಆಫ್ ಮಾಡಿ ನಿಲ್ಲಿಸಿದವನು ನಾನೇ. ನನ್ನ ಮುಖ ನೋಡಿ ಅವನಿಗೆ ಪಾಪ ಅನಿಸಿರಬೇಕು.

"ಬೇಜಾರ್ ಮಾಡ್ಕಬ್ಯಾಡಿ ಸಾ" ಅಂದ. "ನೀವು ಬೋಲ್ಡ್ ಮ್ಯಾಲೆ ಬರೀತಿದ್ ಎಂಜಿನ್‌ಗೆ ಸ್ವಿಚ್ಚೇ ಇರ್ಲಿಲ್ಲ."

ಹಾರ್ನು

ಸಣ್ಣಪುಟ್ಟ ವೈರಿಂಗ್ ಕೆಲಸ ಉಳಿದಿತ್ತು. ಅದನ್ನಾದರೂ ನಾನೇ ಮಾಡುತ್ತೇನೆ ಅಂತ ಹಟ ಹಿಡಿದು ಮಾಡಿದೆ. ಬೈಕನ್ನು ನನ್ನ ಹಳೇ ಸ್ಕೂಲಿನವರಿಗೆ ತೋರಿಸಲು ಹೊಳೆನರಸೀಪುರಕ್ಕೆ ಹೊರಟೆ. ಪೇಟೆ ಹೊಕ್ಕಾಗ ಗೊತ್ತಾಯಿತು, ಬ್ರೇಕ್ ದೀಪದ ವೈರು ಹಾರ್ನಿಗೆ ಹೋಗಿದೆ. ಬ್ರೇಕ್ ತುಳಿದಾಗಲೆಲ್ಲ ಹಾರ್ನು ಬಡಿದುಕೊಳ್ಳುತ್ತಿತ್ತು.

ಸೊಪ್ಪಿನ ಕುಕ್ಕೆ ಹೊತ್ತ ಒಬ್ಬಳು ಅಜ್ಜಿ ರಸ್ತೆ ದಾಟುತ್ತಿದ್ದಳು. ನಾನು ಮರ್ಯಾದೆಯಿಂದ ಬ್ರೇಕ್ ಹಾಕಿ, ದಾಟಿ ಅಂತ ಕೈ ತೋರಿಸಿದೆ. ಹಾರ್ನು ಅರಚಿತು. ಅಜ್ಜಿ ಹಿಂದೆ ಸರಿದಳು. ಬ್ರೇಕ್ ಬಿಟ್ಟೆ, ಅವಳು ಮುಂದೆ ಬಂದಳು. ಬೈಕು ಜಾರಿತು ಅಂತ ಮತ್ತೆ ಬ್ರೇಕ್ ತುಳಿದೆ. ಮತ್ತೆ ಹಾರ್ನು. ಮೂರನೇ ಸಲ ಅಜ್ಜಿ ಕುಕ್ಕೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಕೈಯಾಗೆ ಬಾ ಅಂತೀಯ, ಆರ್ನ್‌ನಾಗೆ ಓಗು ಅಂತೀಯ. ಮನೇಲೂ ಇಂಗೇಯಾ ನೀನು?"

ಗೊರೂರಿಗೆ

ಕೊನೆಗೆ ಗೊರೂರಿಗೆ ಹೊರಡುವ ಭಾನುವಾರ ಬಂತು. ಹೆಂಡತಿ ಒಳ್ಳೇ ಸೀರೆ ಉಟ್ಟು, ಬ್ಯಾಗು ತಗಲಿಸಿಕೊಂಡು ಹಿಂದೆ ಕೂತಳು. ಅರ್ಧ ದಾರಿ ಬೈಕು ಚೆನ್ನಾಗಿಯೇ ಹೋಯಿತು. ಒಂದು ಏರಿನಲ್ಲಿ ಕೆಮ್ಮಿ ನಿಂತಿತು. ಅವಳು ಇಳಿದು, ಸೆರಗು ಸಿಕ್ಕಿಸಿಕೊಂಡು ತಳ್ಳಿದಳು. ಎಂಜಿನ್ ಹಿಡಿಯಿತು. ನಿಲ್ಲಿಸಿದರೆ ಮತ್ತೆ ಆರುತ್ತದೆ ಅಂತ ನಿಧಾನಕ್ಕೆ ಉರುಳಿಸುತ್ತಾ, "ಹತ್ತು, ಹತ್ತು" ಅಂದೆ. ಹಿಂದೆ ಕುಲುಕಿದ ಹಾಗಾಯಿತು. ಹೊರಟೆ.

ದಾರಿಯುದ್ದಕ್ಕೂ ಮಾತಾಡಿದೆ. ಹೊಸದರಲ್ಲಿ ಬಂದಾಗ ಅವಳು ಡ್ಯಾಮಿನ ನೀರು ನೋಡಿ ಹೆದರಿ ನನ್ನ ತೋಳು ಹಿಡಿದುಕೊಂಡಿದ್ದು, ನನಗೆ ಖುಷಿಯಾಗಿದ್ದು, ಅದನ್ನು ಇಷ್ಟು ವರ್ಷ ಹೇಳದೆ ಇದ್ದಿದ್ದು, ಎಲ್ಲ ಹೇಳಿದೆ. ಅವಳು ಒಂದಕ್ಕೂ ಎದುರಾಡಲಿಲ್ಲ. ನಮ್ಮ ದಾಂಪತ್ಯದಲ್ಲಿ ಅಷ್ಟು ಹೊತ್ತು ನಾನೊಬ್ಬನೇ ಮಾತಾಡಿದ್ದು ಅದೇ ಮೊದಲು. ಮನಸ್ಸು ತುಂಬಿ ಬಂತು.

ಗೊರೂರು ಇನ್ನೇನು ಬಂತು ಅನ್ನುವಾಗ ಬೈಕು ಮತ್ತೆ ನಿಂತಿತು. "ಇನ್ನೊಂದ್ಸಲ ಇಳೀಬೇಕಲ್ಲ" ಅಂತ ತಿರುಗಿದೆ. ಸೀಟು ಖಾಲಿ.

ಬೈಕು ಅಲ್ಲೇ ಬಿಟ್ಟು ಬಂದ ದಾರಿಯಲ್ಲಿ ಓಡಲು ಹೊರಟೆ. ಅಷ್ಟರಲ್ಲಿ ಹಾಸನದ ಕಡೆಯಿಂದ ಬಂದ ಬಸ್ಸು ನನ್ನ ಪಕ್ಕ ನಿಂತಿತು. ಕಿಟಕಿಯಲ್ಲಿ ಹೆಂಡತಿ. ಕಂಡಕ್ಟರ್ ಇಳಿದು, "ಅಮ್ಮಾರು ಎಲ್ಲಾ ಯೋಳವ್ರೆ, ನೀವ್ ಕೂತ್ಕಳಿ ಸಾ" ಅಂದ. ಏಳೆಂಟು ಜನ ಇಳಿದು ತಳ್ಳಿದರು. ಬೈಕು ಎದ್ದಿತು. ಅವಳು ಮಾತ್ರ ಬಸ್ಸಿಂದ ಇಳಿಯಲಿಲ್ಲ. ಡ್ಯಾಮಿನವರೆಗೂ ನಾನು ಮುಂದೆ, ಬಸ್ಸು ಹಿಂದೆ. ಎಷ್ಟು ಕೈ ಮಾಡಿದರೂ ಡ್ರೈವರ್ ನನ್ನನ್ನು ದಾಟಿ ಹೋಗಲಿಲ್ಲ. ಮತ್ತೆ ನಿಂತರೆ ತಳ್ಳಬೇಕಲ್ಲ ಅಂತ.

ಡ್ಯಾಮಿನ ಹತ್ತಿರ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ತಪ್ಪೊಪ್ಪಿಕೊಂಡೆ. ಆಮೇಲೆ ಏನಾದರೂ ಮಾತಾಡಬೇಕಲ್ಲ ಅಂತ, "ಹೆಂಗಸರಿಗೆ ಬಸ್ಸು ಫ್ರೀ ಅನ್ನೋದು ಒಳ್ಳೇದಾಯ್ತು. ಆದ್ರೆ ಆಧಾರ್ ಕಾರ್ಡ್ ತೋರಿಸ್ಬೇಕಲ್ಲ, ಏನ್ ಮಾಡ್ದೆ?" ಅಂದೆ.

"ಬೆಳಿಗ್ಗೆ ಮನೆ ಬಿಡುವಾಗ್ಲೇ ಬ್ಯಾಗಿಗೆ ಹಾಕ್ಕೊಂಡಿದ್ದೆ."

"ಅಂದ್ರೆ ನಿಂಗೆ ಮೊದಲಿಂದ್ಲೂ ನಂಬಿಕೆ ಇರ್ಲಿಲ್ಲ."

"ಬೈಕಿನ ಮೇಲೆ ಇತ್ತು" ಅಂದಳು.

ನಾನು ಬೈಕಿನ ಕಡೆ ಕೈ ತೋರಿಸಿದೆ. "ಹಾಗಾದ್ರೆ ಗುಜರಿಗೇನಾ?"

"ಬೈಕು ಇರ್ಲಿ ಬಿಡಿ. ಪಾಪ, ಅದರದೇನೂ ತಪ್ಪಿಲ್ಲ" ಅಂದಳು.

ಮತ್ತೆ ಯಾರನ್ನು ಗುಜರಿಗೆ ಹಾಕಬೇಕು ಅಂತ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.