ದಪ್ಪ ಮೂಗಿನ ಭೂತ

ಎಲ್ಲಕ್ಕೂ ಕಾರಣ ಹೆಂಡತಿಯ ಹೆಮ್ಮೆ. ಕೆಳಗಿನ ಮನೆಗೆ ಹೊಸದಾಗಿ ಬಂದ ನಿವೃತ್ತ ಟೆಲಿಫೋನ್ ಆಪರೇಟರ್‌ಗೆ ಎರಡೂ ಕಣ್ಣು ಕಾಣುವುದಿಲ್ಲವೆಂದು ತಿಳಿದದ್ದೇ ತಡ, "ನಮ್ಮನೆಯೋರು ದೊಡ್ಡ ಸಾಹಿತಿ. ಹೊಸ ಕಾದಂಬರೀನ ಅವರೇ ಬಂದು ಓದಿ ಹೇಳ್ತಾರೆ ಬಿಡಿ" ಎಂದು ಮಾತು ಕೊಟ್ಟು ಬಂದಿದ್ದಳು.

ಹಲ್ಲುಜ್ಜುತ್ತಿದ್ದ ಕಾದಂಬರಿಕಾರರು ಸುದ್ದಿ ಕೇಳಿ ನೊರೆಯನ್ನೆಲ್ಲ ನುಂಗಿಬಿಟ್ಟರು. ಅವರು ಬರೆದ ಅಷ್ಟೂ ದೆವ್ವದ ಕತೆಗಳಲ್ಲಿ ಭೂತಕ್ಕೆ ಕಣ್ಣು ಕಾಣದು. ಬಿಳಿಗುಡ್ಡೆ ತಿರುಗಿಸುತ್ತ, ಕೈ ಚಾಚಿ ತಡವುತ್ತ ಬರುತ್ತದೆ. ಹೊಸದರಲ್ಲಂತೂ ಅದರ ಕೈಗೆ ಕೋಲನ್ನೂ ಕೊಟ್ಟಿದ್ದರು.

"ಗಂಟಲು ಕಟ್ಟಿದೆ ಕಣೇ."

"ಗೊತ್ತಿತ್ತು. ಬಿಸಿನೀರು ಕಾಯಿಸಿಟ್ಟಿದ್ದೀನಿ."

ಕೆಳಗೆ ಹೋದರೆ ಅರ್ಧ ಕಟ್ಟಡವೇ ಅಲ್ಲಿ ನೆರೆದಿತ್ತು. ನಿವಾಸಿಗಳ ಸಂಘದ ಕಾರ್ಯದರ್ಶಿ ತಮ್ಮದೇ ಪ್ರತಿ ತಂದು ತೊಡೆಯ ಮೇಲೆ ಬಿಚ್ಚಿಕೊಂಡಿದ್ದರು. ಕಣ್ಣು ಕಾಣದ ಆ ಮನೆಯಾಕೆ ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಬಾಗಿಲಲ್ಲಿ ನಿಂತಿದ್ದಳು ಆ... ಆ ದಪ್ಪ ಮೂಗಿನವಳು," ಕಾದಂಬರಿಕಾರರು ಶುರುಮಾಡಿದರು.

"ಸಾರ್, ಇಲ್ಲಿ ಕುರುಡಿ ಅಂತಿದೆ!" ಎಂದರು ಕಾರ್ಯದರ್ಶಿ.

"ಅದು ಅಚ್ಚಿನ ತಪ್ಪು ರೀ."

"ಹಾಗಾದ್ರೆ ಪುಟದ ತುಂಬಾ ಅದೇ ತಪ್ಪು!"

ದಪ್ಪ ಮೂಗಿನವಳು ಕೋಲು ಬಿಟ್ಟು ಕೊಡೆ ಹಿಡಿದಳು. ತಡವುವುದು ಬಿಟ್ಟು ಕೈಮುಗಿದಳು. ಪುಟ ಮುಗಿಯುವಷ್ಟರಲ್ಲಿ ಭೂತ ಮದುವೆಗೆ ಕರೆಯಲು ಬಂದ ಅತ್ತಿಗೆಯ ಹಾಗಾಗಿತ್ತು. ಕಾರ್ಯದರ್ಶಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಇಡೀ ಪುಟವನ್ನು ಇದ್ದದ್ದು ಇದ್ದ ಹಾಗೆ ಗಟ್ಟಿಯಾಗಿ ಓದಿಬಿಟ್ಟರು.

ಆಮೇಲೆ ನೆರೆದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು.

"ಅದಕ್ಕೇನಾ ಮಕ್ಕಳು ಮೆಟ್ಟಿಲ ಮೇಲೆ ನನ್ನ ಕಂಡ್ರೆ ಕಿರುಚ್ಕೊಂಡು ಓಡೋದು," ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಓದೋವಾಗ ನಾಚಿಕೆ ಆಯ್ತಲ್ಲ ಸಾರ್, ಬರೆಯೋವಾಗ ಅದೆಲ್ಲಿ ಹೋಗಿತ್ತು?"

ಕಾದಂಬರಿಕಾರರು ಪುಸ್ತಕ ಮುಚ್ಚಿದರು.

"ಯಾರನ್ನ ಕಂಡು ಇಷ್ಟು ಹೆದರಿದ್ರಿ?"

"ಅಮ್ಮನ್ನ." ಹೆಂಡತಿಗೂ ಹೇಳದ ಮಾತು ಬಾಯಿಂದ ಜಾರಿತು. "ನಾನು ಚಿಕ್ಕೋನು. ಕಾಯಿಲೇಲಿ ಅವಳ ಕಣ್ಣು ಹೋಯ್ತು. ನನ್ನ ಮುಖ ಮುಟ್ಟಿ ನೋಡ್ಬೇಕು ಅಂತ ಕೈ ಚಾಚ್ಕೊಂಡು ಬರೋಳು. ನಂಗೆ ಆ ಕಣ್ಣು ನೋಡಕ್ಕಾಗ್ತಿರಲಿಲ್ಲ. ಮೂಲೇಲಿ ಉಸಿರು ಬಿಗಿಹಿಡಿದು ನಿಂತ್ಬಿಡ್ತಿದ್ದೆ. 'ಮಗು ಇಲ್ಲಿಲ್ಲ' ಅಂತ ತನಗೆ ತಾನೇ ಹೇಳ್ಕೊಂಡು ವಾಪಸು ಹೋಗೋಳು. ಪುಣ್ಯಕ್ಕೆ, ಸಾಯೋವರೆಗೂ ಅವಳಿಗೆ ಗೊತ್ತಾಗಲಿಲ್ಲ."

ಆಕೆ ಬಾಗಿಲ ಕಡೆ ತಲೆ ವಾಲಿಸಿ ಕಿವಿಗೊಟ್ಟರು. ಹೇಳಲೋ ಬೇಡವೋ ಎಂದು ತೂಗುತ್ತಿದ್ದಂತಿತ್ತು.

"ನಿಮ್ಮ ಕಾರ್ಯದರ್ಶಿ ಇನ್ನೂ ಬಾಗಿಲ ಹಿಂದೆ ನಿಂತು ಕೇಳ್ತಿದ್ದಾರೆ," ಎಂದರು ಕೊನೆಗೆ.

ಬಾಗಿಲಾಚೆ ಯಾರೋ ದಡಬಡನೆ ಮೆಟ್ಟಿಲು ಹತ್ತಿ ಓಡಿದ ಸದ್ದಾಯಿತು.

"ಎಷ್ಟೇ ಬಿಗಿಹಿಡಿದ್ರೂ ಉಸಿರು ನಮಗೆ ಕೇಳಿಸುತ್ತೆ, ಸಾರ್. ನಿಮ್ಮಮ್ಮ ಗೊತ್ತಿದ್ದೇ ವಾಪಸು ಹೋಗ್ತಿದ್ರು."