ಮೈಕು ಬಿಟ್ಟ ನಲವತ್ತು ದಿನ

ತ್ಯಾಗದ ವಿಷಯದಲ್ಲಿ ನನ್ನಷ್ಟು ಅನುಭವಿ ನಮ್ಮ ವಿಜಾಪುರ ರಸ್ತೆಯ ಆಸುಪಾಸಿನಲ್ಲಿ ಇನ್ನೊಬ್ಬನಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ನಾವು ಕ್ಯಾಥೊಲಿಕರು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸಿನ ಕಾಲ. ಆ ದಿನಗಳಲ್ಲಿ ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದನ್ನು ಬಿಡಬೇಕು. ನಾನು ವರ್ಷವೂ ಬಿಡುತ್ತೇನೆ. ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿದಂದಿನಿಂದ ಸಿಹಿ ಬಿಡುತ್ತಿದ್ದೇನೆ. ಅದಕ್ಕೂ ಮೊದಲು ಮೀನು ಬಿಡುತ್ತಿದ್ದೆ. ಸಮುದ್ರದಿಂದ ಇಷ್ಟು ದೂರದ ಸೋಲಾಪುರಕ್ಕೆ ಬೇಸಿಗೆಯಲ್ಲಿ ಬಂದು ಮುಟ್ಟುವ ಮೀನನ್ನು ಬಿಡಲು ಸಂತನೇ ಆಗಬೇಕೆಂದಿಲ್ಲ, ಮೂಗಿದ್ದರೆ ಸಾಕು. ಟಿವಿ ಕೆಟ್ಟು ರಿಪೇರಿಗೆ ಹೋಗಿದ್ದ ವರ್ಷ ಟಿವಿ ಬಿಟ್ಟೆ. ನನ್ನ ಹೆಂಡತಿ ಮಾರ್ಥಾ ಇದನ್ನೆಲ್ಲ ನೋಡುತ್ತ ಬಂದವಳು. "ಬಿಟ್ಟಿದ್ದನ್ನ ಎಷ್ಟ್ ಸಲ ಬಿಡ್ತೀರಿ?" ಎಂದು ಒಮ್ಮೆ ಕೇಳಿದ್ದಳು. ತಪಸ್ಸಿನ ಕಾಲದಲ್ಲಿ ಹೆಂಡತಿಗೆ ಎದುರಾಡಬಾರದೆಂದು ನಾನು ಸುಮ್ಮನಿದ್ದೆ, ಅದನ್ನೂ ತ್ಯಾಗದ ಪಟ್ಟಿಗೆ ಸೇರಿಸಿಕೊಂಡೆ.

ಈ ವರ್ಷ ನಮ್ಮ ಚರ್ಚಿಗೆ ಹೊಸ ಫಾದರು ಬಂದರು. ನನ್ನ ಮಗನಿಗಿಂತ ಚಿಕ್ಕ ವಯಸ್ಸು, ಕೊಂಕಣದ ಕಡೆಯವರು, ಮಾತು ಮೆಲ್ಲಗೆ. ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರ ಎಲ್ಲರ ಹಣೆಗೆ ಬೂದಿ ಹಚ್ಚಿದ ಮೇಲೆ ಅವರು ಮರಾಠಿಯಲ್ಲಿ ಹೇಳಿದರು: ನಾಲಿಗೆ ಬೇಡುವುದನ್ನು ಬಿಡುವುದು ಸುಲಭ, ಈ ಸಲ ಮನಸ್ಸು ಅಂಟಿಕೊಂಡಿರುವುದನ್ನು ಹುಡುಕಿರಿ, ಅದು ನಿಮಗೆ ಕಾಣದಿದ್ದರೆ ಮನೆಯವರನ್ನು ಕೇಳಿರಿ. ಮದುವೆಯಾಗದವರು ಮಾತ್ರ ಕೊಡಬಹುದಾದ ಸಲಹೆ ಅದು.

ನಾನು ವಿಧೇಯ. ಅಂದೇ ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಮಾರ್ಥಾಳನ್ನು ಕೇಳಿದೆ. ನನ್ನ ಮನಸ್ಸು ಯಾವುದಕ್ಕೂ ಅಂಟಿಕೊಂಡಿಲ್ಲವೆಂದು ಅವಳು ಹೇಳಬಹುದು, ಹೆಚ್ಚೆಂದರೆ ಪೇಪರಿನ ಹೆಸರು ಹೇಳಬಹುದು ಎಂಬ ಅಂದಾಜು ನನ್ನದು. ಅವಳು ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. "ಮೈಕು" ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು. ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಪಾಠ ಹೇಳಿದ ಗಂಟಲು ಇದು. ಮನೆಯಲ್ಲಿ ಜಗಳ ಕನ್ನಡದಲ್ಲಿ, ಚರ್ಚಿನಲ್ಲಿ ಪ್ರಾರ್ಥನೆ ಮರಾಠಿಯಲ್ಲಿ; ಹೆಂಡತಿಗೂ ದೇವರಿಗೂ ನಾನು ಒಂದೇ ಭಾಷೆ ಬಳಸಿದವನಲ್ಲ. ಭಾನುವಾರದ ಪೂಜೆಯಲ್ಲಿ ಫಾದರ ಉಪದೇಶಕ್ಕೆ ಮುಂಚೆ ಧರ್ಮಗ್ರಂಥದಿಂದ ಒಂದು ಭಾಗವನ್ನು ಜನರಲ್ಲೊಬ್ಬರು ಓದಬೇಕು. ಹದಿನೆಂಟು ವರ್ಷಗಳಿಂದ ಆ ಒಬ್ಬರು ನಾನೇ. ಶನಿವಾರ ಸಂಜೆ ಉಪ್ಪುನೀರು ಮುಕ್ಕಳಿಸುತ್ತೇನೆ. ಭಾನುವಾರ ಇಸ್ತ್ರಿ ಮಾಡಿದ ಜುಬ್ಬಾ ಹಾಕುತ್ತೇನೆ. ಮೈಕನ್ನು ನನ್ನ ಎತ್ತರಕ್ಕೆ ಏರಿಸಿ, ಅದು ಎತ್ತರದಲ್ಲೇ ಇದ್ದರೆ ಇಳಿಸಿ ಮತ್ತೆ ಏರಿಸಿ, ಎರಡು ಸಲ ಊದಿ, ಜನರನ್ನೊಮ್ಮೆ ನೋಡಿ, ಆಮೇಲೆ ಶುರುಮಾಡುತ್ತೇನೆ. ಮಂಗಳವೇಢೆಯಿಂದ ಮಗಳ ಮನೆಗೆ ಬಂದಿದ್ದ ಮುದುಕರೊಬ್ಬರು, "ನಿಮ್ಮದು ರೇಡಿಯೋ ದನಿ ಗುರುಜಿ" ಎಂದದ್ದು ಹನ್ನೊಂದು ವರ್ಷದ ಹಿಂದೆ. ನಾನದನ್ನು ಮರೆತುಬಿಟ್ಟಿದ್ದೇನೆಂದು ಎಷ್ಟೋ ಜನರಿಗೆ ಹೇಳಿದ್ದೇನೆ.

"ದೇವರ ಮಾತು ಓದೂದು ಮೋಹ ಹೆಂಗ ಆಗತೈತಿ?" ಎಂದೆ.

"ಹೋದ ಐತವಾರ ಏನ್ ಓದಿದ್ರಿ, ಹೇಳ್ರಿ ನೋಡೋಣು."

ಹೋದ ಭಾನುವಾರದ್ದು ನನಗೆ ನೆನಪಾದದ್ದು ಇಷ್ಟೇ: ನಡುವೆ ಮೈಕು ಒಂದು ಸಲ ಕುಂಯ್ ಎಂದಿತ್ತು. ಏನು ಓದಿದೆನೆಂಬುದು ಬರಲಿಲ್ಲ. ಮಾರ್ಥಾ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿದಳು. ಹಂಚೂ ಅವಳ ಪರವಾಗಿ ಚುಂಯ್ ಎಂದಿತು.

ಸಿಟ್ಟಿನಲ್ಲಿ ಮಾಡಿದ ತ್ಯಾಗಕ್ಕೆ ಪುಣ್ಯ ಎಷ್ಟೋ ಗೊತ್ತಿಲ್ಲ. ಮರುದಿನವೇ ಫಾದರ ಬಳಿ ಹೋಗಿ, ಈ ತಪಸ್ಸಿನ ಕಾಲದಲ್ಲಿ ನಾನು ಓದುವುದಿಲ್ಲ ಎಂದೆ. ಅವರು ಗಾಬರಿಯಾಗುತ್ತಾರೆ, ನೀವಿಲ್ಲದೆ ಹೇಗೆ ಎನ್ನುತ್ತಾರೆ, ನಾನು ಭಾರವಾದ ಮನಸ್ಸಿನಿಂದ ಮರಳಿ ಒಪ್ಪಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ತಯಾರಿ ನಡೆಸಿದ್ದೆ. "ಫಾರ್ ಛಾನ್, ಗುರುಜಿ" ಎಂದರು ಅವರು, ಬಹಳ ಚೆನ್ನಾಯಿತು ಎಂದು, ಸಂತೋಷದಿಂದ. ಜೇಬಿನಿಂದ ಪೆನ್ನು ತೆಗೆದು, ಹಾಗಾದರೆ ಯಾರ ಹೆಸರು ಬರೆಯಲಿ ಎಂದು ಕೇಳಿದರು. ನನ್ನ ಜೊತೆಗೇ ಬಂದಿದ್ದ ಮಾರ್ಥಾ, "ಸುನೀತಾ" ಎಂದಳು.

ಸುನೀತಾ ಶಾಲೆಯ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿರುವವಳು. ಚರ್ಚಿನಲ್ಲಿ ಕೊನೆಯ ಬೆಂಚು ಅವಳದು. ಅವಳು ಬಾಯಿ ತೆರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಭ್ಯಾಸಕ್ಕೆಂದು ಶುಕ್ರವಾರ ಸಂಜೆ ಕೆಲಸ ಮುಗಿಸಿ ನಮ್ಮ ಮನೆಗೆ ಬಂದಳು. ಕೈಯಲ್ಲೊಂದು ನೋಟ್‌ಬುಕ್ಕು. ತೆರೆದು ನೋಡಿದರೆ, ಓದಬೇಕಾದ ಮರಾಠಿ ಭಾಗವನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು. "ಮರಾಠಿ ಮಾತಾಡಾಕ ಬರತೈತ್ರಿ, ಅಕ್ಷರ ಲಗೂ ಕಣ್ಣಿಗೆ ಹತ್ತಂಗಿಲ್ಲ. ನಾ ಕನ್ನಡ ಸಾಲಿ ಕಲ್ತಾಕಿ" ಎಂದಳು. ಒಬ್ಬ ಕನ್ನಡ ಮಾಸ್ತರನಿಗೆ ಹೆಮ್ಮೆಯಾಗಬೇಕಾದ ಜಾಗ ಅದು. ನಾನು ಕೆಂಪು ಪೆನ್ನು ತೆಗೆದು ಎರಡು ಒತ್ತಕ್ಷರ ತಿದ್ದಿದೆ.

ಅವಳು ಓದತೊಡಗಿದಳು. ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಿದ್ದಳು. ನಾಲ್ಕನೆಯ ಸಾಲಿಗೆ ನನ್ನ ತಾಳ್ಮೆ ಮುಗಿಯಿತು. "ಏನವಾ, ಕೈ ಮಾಡಿದಲ್ಲೆಲ್ಲ ನಿಲ್ಲೊ ಎಸ್ಟಿ ಬಸ್ ಆತಲ್ಲ ಇದು" ಎಂದೆ, ಒಂದಿಷ್ಟು ನಗಿಸೋಣವೆಂದು.

ಅವಳು ನಗಲಿಲ್ಲ. ನೋಟ್‌ಬುಕ್ಕು ಮುಚ್ಚಿ, "ಗುರುಜಿ, ಸಾಲ್ಯಾಗ ನಾಲ್ಕನೇತ್ತಾದಾಗೂ ನೀವು ಇದ ಮಾತು ಅಂದಿದ್ರಿ" ಎಂದಳು.

ನನಗೆ ಗುರುತೇ ಹತ್ತಿರಲಿಲ್ಲ. ಅವಳು ನನ್ನ ಶಾಲೆಯವಳಂತೆ. ಬೆಳಗಿನ ಪ್ರಾರ್ಥನೆಯಾದ ಮೇಲೆ ದಿನಕ್ಕೊಬ್ಬ ಮಗು ಎದ್ದು ನಿಂತು ಒಂದು ಸುವಿಚಾರ ಓದುವ ಪದ್ಧತಿ ನಮ್ಮಲ್ಲಿತ್ತು. ಅವಳ ಸರದಿ ಬಂದ ದಿನ ಅವಳ ಅವ್ವ ನಸುಕಿನಲ್ಲೆದ್ದು ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳಂತೆ. ನಾನು ಅರ್ಧಕ್ಕೇ ನಿಲ್ಲಿಸಿ, ಎಸ್ಟಿ ಬಸ್ಸಿನ ಮಾತು ಹೇಳಿ ಶಾಲೆಯನ್ನೆಲ್ಲ ನಗಿಸಿ, ಚೀಟಿಯನ್ನು ಬೇರೆ ಹುಡುಗಿಗೆ ಕೊಟ್ಟೆನಂತೆ. "ಅವತ್ತಿನಿಂದ ನಾಲ್ಕ ಮಂದ್ಯಾಗ ಓದೂದಂದ್ರ ಕೈ ನಡಗತಾವ್ರಿ" ಎಂದಳು. ದೂರಿನ ದನಿಯಲ್ಲಲ್ಲ, ಸೂಜಿ ಚುಚ್ಚಿದ ಜಾಗ ತೋರಿಸುವಂತೆ.

ಮಾಸ್ತರಿಕೆಯಲ್ಲಿ ತಪ್ಪು ತಿದ್ದುವ ಅಭ್ಯಾಸವಿರುತ್ತದೆ, ಒಪ್ಪಿಕೊಳ್ಳುವ ಅಭ್ಯಾಸವಿರುವುದಿಲ್ಲ. ಪಾದ್ರಿಗಳ ಮುಂದೆ ಮೊಣಕಾಲೂರಿ ವರ್ಷಗಟ್ಟಲೆ ಪಾಪನಿವೇದನೆ ಮಾಡಿದ್ದೇನೆ. ಸಿಟ್ಟು ಬಂತು, ಸುಳ್ಳು ಹೇಳಿದೆ, ಪೂಜೆಗೆ ತಡವಾಗಿ ಬಂದೆ. ಈ ಒಂದು ಪಾಪ ಯಾವ ಪಟ್ಟಿಯಲ್ಲೂ ಇರಲಿಲ್ಲ. "ತಪ್ಪಾತವಾ" ಎಂದೆ. ಮೈಕಿಲ್ಲದೆ ಹೇಳಿದ್ದರಿಂದ ಅದು ಬಹಳ ಸಣ್ಣಗೆ ಕೇಳಿಸಿತು.

"ಅಯ್ಯ ಬಿಡ್ರಿ, ಆವಾಗ ನಾ ಖರೇನ ಎಸ್ಟಿ ಆಗಿದ್ನಿ" ಎಂದು ಸುನೀತಾಳೇ ನನ್ನನ್ನು ಸಮಾಧಾನಪಡಿಸಿದಳು. ಚಹಾ ತಂದಿಟ್ಟ ಮಾರ್ಥಾ ಹೇಳಿದಳು: "ಎಸ್ಟಿ ಆದ್ರ ಆಗವಲ್ದ್ಯಾಕ. ಎಲ್ಲಾ ಕಡೆ ನಿಲ್ಲತೈತಿ ಅಂತ ಹಳ್ಳಿ ಮಂದಿ ಎಸ್ಟಿ ಕಾಯತಾರ. ಇವರದು ಎಕ್ಸ್‌ಪ್ರೆಸ್ ಗಾಡಿ. ಹೋತಂತ ಗೊತ್ತಾಗತೈತಿ, ಹತ್ತಾಕ ಆಗಂಗಿಲ್ಲ. ನೀ ಹಿಂಗ ಓದು." ಸುನೀತಾ ಮತ್ತೆ ನೋಟ್‌ಬುಕ್ಕು ತೆರೆದಳು. ನಾನು ಕೆಂಪು ಪೆನ್ನಿಗೆ ಟೋಪಿ ಹಾಕಿದೆ.

ಭಾನುವಾರ ನಾನು ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಓದುವವರ ಕುರ್ಚಿ ಬಿಟ್ಟು ಬೆಂಚಿನ ಮೇಲೆ ಕುಳಿತೆ. ನಿಜ ಹೇಳುತ್ತೇನೆ, ನನ್ನೊಳಗೆ ಇಬ್ಬರು ಕುಳಿತಿದ್ದರು. ಒಬ್ಬ, ಅವಳು ಚೆನ್ನಾಗಿ ಓದಲಿ ಎಂದು ಬೇಡುತ್ತಿದ್ದ. ಇನ್ನೊಬ್ಬ, ಚೆನ್ನಾಗಿಯೇ ಓದಲಿ, ಆದರೆ ಜನರಿಗೆ ನನ್ನ ನೆನಪಾಗುವಷ್ಟು ಕಡಿಮೆ ಚೆನ್ನಾಗಿರಲಿ ಎನ್ನುತ್ತಿದ್ದ. ಸುನೀತಾ ಮೆಟ್ಟಿಲೇರಿದಳು. ಮೈಕು ನನ್ನ ಎತ್ತರಕ್ಕಿತ್ತು, ಅದನ್ನು ಇಳಿಸುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ. ತಾನೇ ಮುಖವನ್ನು ಮೇಲೆತ್ತಿ ಶುರುಮಾಡಿದಳು.

ಅಂದಿನ ಭಾಗ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಮರುಭೂಮಿಗೆ ಬಂದ ಜನರದು. ನೀರಿಲ್ಲದೆ ಅವರು ಗೊಣಗುತ್ತಾರೆ, ಬಿಟ್ಟು ಬಂದದ್ದನ್ನೇ ನೆನೆದು ತಮ್ಮ ಮುಂದಾಳನ್ನು ಜರೆಯುತ್ತಾರೆ. ಇದನ್ನು ನಾನು ಹಿಂದೆ ಎಷ್ಟೋ ಸಲ ಆ ಮುಂದಾಳಿನ ಗತ್ತಿನಿಂದ ಗುಡುಗಿದ್ದೆ. ಸುನೀತಾ ಬಾಯಾರಿದವರ ಪರವಾಗಿ ಓದಿದಳು. ನೀರಿನ ಮಾತು, "ಪಾಣಿ" ಎಂದಲ್ಲಿ ನಿಂತಳು. ಎಡವಿ ನಿಂತಳೋ, ಬೇಕೆಂದು ನಿಂತಳೋ ಗೊತ್ತಿಲ್ಲ. ನಳದ ಸರದಿ ಕಾದು ಕೊಡ ತುಂಬಿಸುವ ಊರಿದು. ಬೆಂಚುಗಳಲ್ಲಿ ತಲೆಗಳು ಮೇಲೆದ್ದವು. ಆ ನಿಲುಗಡೆಯಲ್ಲಿ, ಬಿಟ್ಟು ಬಂದದ್ದಕ್ಕಾಗಿ ಗೊಣಗುತ್ತಿರುವ ಜನ ಬೇರೆ ಯಾರೂ ಅಲ್ಲ, ಮೂರನೆಯ ಬೆಂಚಿನ ಈ ಮುದುಕ ಎಂದು ನನಗೆ ಅರ್ಥವಾಯಿತು. ಮೈಕಿನ ಆ ಬದಿಗೆ ನಿಂತವನಿಗೆ ಅಷ್ಟು ವರ್ಷ ಕೇಳಿಸದ ಮಾತು ಈ ಬದಿಗೆ ಬಂದ ಮೊದಲ ದಿನವೇ ಕೇಳಿಸಿತು.

ಪೂಜೆ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಸುನೀತಾಳ ಕೈ ಹಿಡಿದು, "ಇವತ್ತ ನನಗ ಎಲ್ಲಾ ತಿಳೀತು ನೋಡವಾ" ಎಂದರು. ಇವತ್ತು ಎಂಬ ಶಬ್ದ ಬೇಕಿತ್ತೇ ಎಂದು ನಾನು ಮನೆಯವರೆಗೂ ಯೋಚಿಸಿದೆ.

ಈಸ್ಟರ್ ಬಂತು, ಹೋಯಿತು. ಸುನೀತಾಳೇ ಓದುತ್ತಿದ್ದಾಳೆ. ನಾನು ಮತ್ತೆ ಓದಲು ಕೇಳಿಲ್ಲ. ಯಾರ ಮುಂದೆಯೂ ನನ್ನ ಈ ತ್ಯಾಗದ ವಿಚಾರ ಆಡಿಕೊಂಡಿಲ್ಲ. ಅಹಂಕಾರ ಬಿಟ್ಟವನು ಅದನ್ನು ಹೇಳಿಕೊಂಡು ತಿರುಗಬಾರದೆಂಬ ವಿವೇಕ ಇಷ್ಟರಲ್ಲಿ ಬಂದಿದೆ. ಆದ್ದರಿಂದಲೇ ಬಾಯಿ ಮುಚ್ಚಿಕೊಂಡು, ಮೂರು ದಿನದಿಂದ ಕಿಟಕಿಯ ಬಳಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಈಗ ತಾನೇ ಮಾರ್ಥಾ ಬಂದು, ಏನು ಬರೆಯುತ್ತಿದ್ದೀರೆಂದು ಕೇಳಿದಳು.

"ಅಹಂಕಾರ ಹೆಂಗ ಬಿಟ್ಟೆ ಅನ್ನೂದನ್ನ ಬರ್ಯಾಕತ್ತೀನಿ" ಎಂದೆ.

ಅವಳು ಹಾಳೆಗಳ ದಪ್ಪ ನೋಡಿದಳು. "ಎಷ್ಟ್ ಪುಟ ಆತ್ರಿ?" ಎಂದಳು.